ಸೌರಕೋಶದ ಜಮಾ-ಖರ್ಚು: ಮನೆಯ ಛಾವಣಿಗೆ ಬಂದ ಎಪ್ಪತ್ತು ವರ್ಷಗಳ ಲೆಕ್ಕ



ನಾನು ವಿಜ್ಞಾನಿಯಲ್ಲ, ಎಂಜಿನಿಯರೂ ಅಲ್ಲ. ಚಾರ್ಟರ್ಡ್ ಅಕೌಂಟೆಂಟ್. ಸಿಡ್ನಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹಾಗಿದ್ದೂ ಸೌರವಿದ್ಯುತ್ತಿನ ಬಗ್ಗೆ ಮಾತಾಡಲು ಒಪ್ಪಿಕೊಂಡೆ. ತೆರಿಗೆ ರಿಟರ್ನ್ ಮಾಡಿಸಲು ಬರುವ ನಮ್ಮವರು ಕೆಲಸ ಮುಗಿದ ಮೇಲೆ ಎರಡು ಪ್ರಶ್ನೆ ಕೇಳುತ್ತಾರೆ. "ಸರ್, ಮನೆ ಮೇಲೆ ಸೋಲಾರ್ ಹಾಕಿಸಿದರೆ ಗಿಟ್ಟುತ್ತದೆಯೆ?" ಎನ್ನುವುದು ಒಂದು. "ಊರಲ್ಲಿ ಅಪ್ಪ-ಅಮ್ಮನ ಮನೆಗೂ ಹಾಕಿಸಿಕೊಡೋಣ ಅಂತಿದ್ದೀನಿ, ಎಷ್ಟು ಪರ್ಸೆಂಟ್ ಎಫಿಶಿಯೆನ್ಸಿ ಇರೋದು ತಗೊಳ್ಳಲಿ?" ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಹೇಳಬೇಕಾದರೆ ಈ ವಸ್ತುವಿನ ಹಳೆಯ ಕಿರ್ದಿ ಪುಸ್ತಕವನ್ನು ತೆರೆಯಬೇಕು. ಅದರಲ್ಲಿ ನನಗೆ ಕಂಡ ಮುಖ್ಯ ಸಂಗತಿ ಒಂದೇ. ಸೌರಕೋಶ ಅಗ್ಗವಾದದ್ದು ದಕ್ಷತೆ ಹೆಚ್ಚಿದ್ದರಿಂದ ಮಾತ್ರವಲ್ಲ. ಪ್ರತಿ ಹಂತದಲ್ಲೂ ಯಾರೋ ಒಬ್ಬರು ಮುಂಗಡ ಹಣ ಕೊಟ್ಟದ್ದರಿಂದ.

ಹದಿನಾಲ್ಕು ಲಕ್ಷ ಡಾಲರಿನ ಕರೆಂಟು

ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು 1839ರಲ್ಲಿ ಗುರುತಿಸಿದವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್. ಆಗ ಅವನಿಗೆ ಹತ್ತೊಂಬತ್ತು ವರ್ಷ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ತೆಳುವಾದ ಚಿನ್ನದ ಪದರ ಹಚ್ಚಿ ಒಂದು ಕೋಶ ಮಾಡಿದ. ಅದರ ದಕ್ಷತೆ ಶೇ. 1ರ ಆಸುಪಾಸು. ದಕ್ಷತೆ ಎಂದರೆ ಸರಳವಾಗಿ ಇಷ್ಟು: ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಷ್ಟು ಪಾಲು ವಿದ್ಯುತ್ತಾಯಿತು ಎಂಬ ಲೆಕ್ಕ.

ಇಂದಿನ ಸಿಲಿಕಾನ್ ಕೋಶದ ಜನ್ಮದಿನ 1954ರ ಏಪ್ರಿಲ್ 25. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೇರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಎಂಬ ಮೂವರು ತಯಾರಿಸಿದ ಕೋಶವನ್ನು ಅಂದು ಲೋಕಕ್ಕೆ ತೋರಿಸಲಾಯಿತು. ದಕ್ಷತೆ ಶೇ. 6. ಪತ್ರಿಕೆಗಳು ಹೊಗಳಿದವು. ಆದರೆ ಚಾಪಿನ್ ಅವರು 1956ರಲ್ಲಿ ಮಾಡಿದ ಲೆಕ್ಕ ನನ್ನಂಥವರಿಗೆ ಹೆಚ್ಚು ಇಷ್ಟವಾಗುತ್ತದೆ. ಒಂದು ವಾಟ್‌ಗೆ 286 ಡಾಲರ್. ಒಂದು ಸಾಧಾರಣ ಮನೆಗೆ ಸಾಕಾಗುವಷ್ಟು ಕೋಶ ಕೂಡಿಸಬೇಕಾದರೆ 14 ಲಕ್ಷ 30 ಸಾವಿರ ಡಾಲರ್. ಆಗಿನ ಅಮೆರಿಕದಲ್ಲಿ ಆ ಹಣಕ್ಕೆ ಇಡೀ ಬೀದಿಯ ಮನೆಗಳನ್ನೇ ಕೊಳ್ಳಬಹುದಿತ್ತು.

ಹೀಗಾಗಿ ಮೊದಲ ಗಿರಾಕಿ ಮನೆಯವರಲ್ಲ, ಬಾಹ್ಯಾಕಾಶದವರು. 1958ರ ಮಾರ್ಚ್‌ನಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಬ್ಯಾಟರಿಯಿಂದ ನಡೆಯುತ್ತಿದ್ದ ರೇಡಿಯೊ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಸೌರಕೋಶದ್ದು 1964ರವರೆಗೆ ದುಡಿಯಿತು. ಅಲ್ಲಿಗೆ ತಂತಿ ಎಳೆಯುವಂತಿಲ್ಲ, ಡೀಸೆಲ್ ಒಯ್ಯುವಂತಿಲ್ಲ. ಎಷ್ಟು ದುಬಾರಿಯಾದರೂ ಅದೇ ಅಗ್ಗ.

ಭೂಮಿಗೆ ಇಳಿದ ಮೇಲೂ ಇದೇ ತರ್ಕ ನಡೆಯಿತು. 1970ರ ದಶಕದ ಆರಂಭದಲ್ಲಿ ಎಲಿಯಟ್ ಬರ್ಮನ್ ಎಂಬ ವಿಜ್ಞಾನಿ ಚಿಪ್ ಕಂಪನಿಗಳು ಬೇಡವೆಂದು ಬಿಟ್ಟ ಸಿಲಿಕಾನ್ ಬಿಲ್ಲೆಗಳನ್ನು ಬಳಸಿ, ವಾಟ್‌ಗೆ ನೂರು ಡಾಲರ್ ಇದ್ದ ಬೆಲೆಯನ್ನು ಇಪ್ಪತ್ತರ ಹತ್ತಿರಕ್ಕೆ ತಂದರು. ಅವರಿಗೆ ಬಂಡವಾಳ ಹಾಕಿದ್ದು ಎಕ್ಸಾನ್ ಎಂಬ ತೈಲ ಕಂಪನಿ. ಕೊಂಡವರಲ್ಲಿ ಮುಖ್ಯರು ಕಡಲಿನ ತೈಲಬಾವಿಯವರು, ಎಚ್ಚರಿಕೆಯ ದೀಪ ಉರಿಸುವುದಕ್ಕೆ. ನಾವಿರುವ ಈ ದೇಶದಲ್ಲೂ ಆ ದಶಕದ ಕೊನೆಗೆ ಟೆಲಿಕಾಂ ಆಸ್ಟ್ರೇಲಿಯಾ ಸಂಸ್ಥೆ ಟೆನೆಂಟ್ ಕ್ರೀಕ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ವರೆಗೆ, ನರಪಿಳ್ಳೆಯಿಲ್ಲದ ಬಯಲಿನಲ್ಲಿ, ಸೌರಕೋಶದಿಂದ ನಡೆಯುವ ದೂರವಾಣಿ ಗೋಪುರಗಳನ್ನು ನಿಲ್ಲಿಸಿತು.

ದಕ್ಷತೆ ನಾಲ್ಕು ಪಟ್ಟು, ಬೆಲೆ ಎಷ್ಟು ಪಟ್ಟು?

ದಕ್ಷತೆಯ ಕಥೆಯಲ್ಲಿ ಸಿಡ್ನಿಗೆ ದೊಡ್ಡ ಪಾಲಿದೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ಅವರ ತಂಡ 1985ರಲ್ಲಿ ಸಿಲಿಕಾನ್ ಕೋಶವನ್ನು ಶೇ. 20ರ ಗಡಿ ದಾಟಿಸಿತು. ಅದೇ ತಂಡ ರೂಪಿಸಿದ 'ಪರ್ಕ್' ಎಂಬ ವಿನ್ಯಾಸದಲ್ಲಿ ಕೋಶದ ಬೆನ್ನಿಗೆ ಒಂದು ರಕ್ಷಣೆಯ ಪದರ ಹಾಕಿ, ಸೋರಿಹೋಗುತ್ತಿದ್ದ ಶಕ್ತಿಯನ್ನು ಉಳಿಸಿಕೊಳ್ಳಲಾಯಿತು. 2020ರ ಹೊತ್ತಿಗೆ ಜಗತ್ತಿನಲ್ಲಿ ತಯಾರಾಗುತ್ತಿದ್ದ ಬಹುಪಾಲು ಪ್ಯಾನೆಲ್‌ಗಳು ಈ ವಿನ್ಯಾಸದವು. ಇದಕ್ಕಾಗಿ ಗ್ರೀನ್ ಮತ್ತು ಮೂವರು ಸಹೋದ್ಯೋಗಿಗಳಿಗೆ 2023ರ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಬಂತು.

ಆದರೂ ದಕ್ಷತೆಗೆ ಒಂದು ಮೇಲ್ಛಾವಣಿ ಇದೆ. ಒಂದೇ ಪದರದ ಕೋಶ ಎಷ್ಟರವರೆಗೆ ಹೋಗಬಲ್ಲದು ಎಂದು ಶಾಕ್ಲಿ ಮತ್ತು ಕ್ವೈಸರ್ 1961ರಲ್ಲೇ ಲೆಕ್ಕ ಹಾಕಿದ್ದರು. ಸಿಲಿಕಾನ್ ಮಟ್ಟಿಗೆ ಆ ಮಿತಿ ಶೇ. 29ರ ಹತ್ತಿರ. ಇಂದು ಮನೆಗೆ ಹಾಕುವ ಒಳ್ಳೆಯ ಪ್ಯಾನೆಲ್ ಶೇ. 20ರಿಂದ 22 ಕೊಡುತ್ತದೆ.

ಈಗ ಎರಡು ಕಾಲಂ ಪಕ್ಕಪಕ್ಕ ಇಟ್ಟು ನೋಡೋಣ. ಎಪ್ಪತ್ತು ವರ್ಷದಲ್ಲಿ ದಕ್ಷತೆ 6ರಿಂದ 22ಕ್ಕೆ ಏರಿತು. ನಾಲ್ಕು ಪಟ್ಟೂ ಆಗಲಿಲ್ಲ. ಬೆಲೆ ವಾಟ್‌ಗೆ 286 ಡಾಲರ್ ಇದ್ದದ್ದು 2024ರ ಸಗಟು ಮಾರುಕಟ್ಟೆಯಲ್ಲಿ 10 ಸೆಂಟ್‌ಗೆ ಇಳಿಯಿತು. ಎರಡೂವರೆ ಸಾವಿರ ಪಟ್ಟಿಗೂ ಹೆಚ್ಚು ಇಳಿತ. ಹಣದುಬ್ಬರವನ್ನೂ ಹಿಡಿದರೆ ಅಂತರ ಇನ್ನೂ ದೊಡ್ಡದು.

ಹಾಗೆಂದು ದಕ್ಷತೆ ಲೆಕ್ಕಕ್ಕಿಲ್ಲ ಎಂದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಹಾಕಿಸುವ 6.6 ಕಿಲೋವಾಟ್ ವ್ಯವಸ್ಥೆಗೆ ಶೇ. 22ರ ಪ್ಯಾನೆಲ್ ಆದರೆ 30 ಚದರ ಮೀಟರ್ ಜಾಗ ಸಾಕು. ಶೇ. 6ರ ಹಳೆಯ ಕೋಶವಾದರೆ 110 ಚದರ ಮೀಟರ್ ಬೇಕು, ಅಷ್ಟು ಛಾವಣಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ಜೊತೆಗೆ ಕಬ್ಬಿಣದ ಚೌಕಟ್ಟು, ತಂತಿ, ಕೆಲಸದವರ ಕೂಲಿ, ಎಲ್ಲವೂ ಜಾಗಕ್ಕೆ ತಕ್ಕಂತೆ ಏರುತ್ತದೆ. ಆದರೆ ಶೇ. 21 ಮತ್ತು 22ರ ನಡುವಿನ ವ್ಯತ್ಯಾಸಕ್ಕೆ ಮಾರಾಟಗಾರ ಸಾವಿರ ಡಾಲರ್ ಹೆಚ್ಚು ಕೇಳಿದರೆ, ಛಾವಣಿಯಲ್ಲಿ ಜಾಗವಿದ್ದವರು ಕೊಡಬೇಕಾಗಿಲ್ಲ.

ಯಾರ ದುಡ್ಡಿನ ಜಾತ್ರೆ?

"ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ" ಎನ್ನುತ್ತಾರಲ್ಲ, ಆಡಿಟರ್ ಆದವನು ಆ ಗಾದೆ ಕೇಳಿದೊಡನೆ ಯಾರ ದುಡ್ಡು ಎಂದು ಕೇಳಬೇಕು. ಒಟ್ಟು ಉತ್ಪಾದನೆ ಎರಡು ಪಟ್ಟಾದಾಗಲೆಲ್ಲ ಬೆಲೆ ಶೇ. 20ರಷ್ಟು ಇಳಿಯುತ್ತದೆ ಎಂಬುದು ಈ ಉದ್ಯಮದ ಅನುಭವ. ಹಾಗಾದರೆ ದುಬಾರಿಯಾಗಿದ್ದಾಗಲೇ ಯಾರಾದರೂ ಸಾಕಷ್ಟು ಕೊಳ್ಳಬೇಕಲ್ಲವೆ? ಅವರು ಯಾರು?

ಜಪಾನ್ 1994ರಲ್ಲಿ ಮನೆಯ ಛಾವಣಿಗಳಿಗೆ ಸಬ್ಸಿಡಿ ಆರಂಭಿಸಿತು. ಮೊದಲಿಗೆ ಅರ್ಧ ಖರ್ಚು ಸರ್ಕಾರದ್ದು. ದೊಡ್ಡ ಹೆಜ್ಜೆ ಇಟ್ಟದ್ದು ಜರ್ಮನಿ. 2000ದ ಕಾನೂನಿನ ಪ್ರಕಾರ ಛಾವಣಿಯಲ್ಲಿ ತಯಾರಾದ ಪ್ರತಿ ಯೂನಿಟ್‌ಗೆ 99 ಫೆನಿಗ್, ಅದೂ ಇಪ್ಪತ್ತು ವರ್ಷಗಳ ಖಾತರಿ. ಆಗ ಅಲ್ಲಿನ ಮನೆಯವರು ಕರೆಂಟಿಗೆ ಕೊಡುತ್ತಿದ್ದ ದರಕ್ಕಿಂತ ಇದು ಮೂರು ಪಟ್ಟಿಗೂ ಹೆಚ್ಚು. ಈ ಹಣ ಸರ್ಕಾರದ ಬೊಕ್ಕಸದಿಂದ ಬರಲಿಲ್ಲ, ಎಲ್ಲ ಗ್ರಾಹಕರ ಬಿಲ್ಲಿಗೂ ಸೇರಿತು. 2017ರಲ್ಲಿ ಆ ಹೆಚ್ಚುವರಿ ಶುಲ್ಕ ಯೂನಿಟ್‌ಗೆ 6.88 ಸೆಂಟ್ ಮುಟ್ಟಿತು. 2022ರ ಜುಲೈನಲ್ಲಿ ಅದನ್ನು ತೆಗೆದರು. ಬಾಡಿಗೆ ಮನೆಯ ಜರ್ಮನ್ ಮುದುಕಿಯೊಬ್ಬಳು ತಿಂಗಳು ತಿಂಗಳೂ ಕೊಟ್ಟ ಹಣದ ಪಾಲು ನಮ್ಮ ನಿಮ್ಮ ಪ್ಯಾನೆಲ್ಲಿನ ಬೆಲೆಯೊಳಗೆ ಅಡಗಿದೆ.

ಜರ್ಮನಿಯ ಬೇಡಿಕೆಗೆ ಮಾಲು ಒದಗಿಸಿದ್ದು ಚೀನಾ. ಮಾರ್ಟಿನ್ ಗ್ರೀನ್ ಅವರ ಶಿಷ್ಯ ಶಿ ಝೆಂಗ್‌ರಾಂಗ್ ಸಿಡ್ನಿಯಿಂದ ಹಿಂದಿರುಗಿ 2001ರಲ್ಲಿ ವೂಶಿ ನಗರದಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. 2005ರಲ್ಲಿ ಅದರ ಷೇರು ನ್ಯೂಯಾರ್ಕ್ ಮಾರುಕಟ್ಟೆಗೆ ಬಂತು. ಪೈಪೋಟಿಗೆ ಬಿದ್ದು ಎಲ್ಲರೂ ಕಾರ್ಖಾನೆ ಕಟ್ಟಿದರು, ಬೆಲೆ ಕುಸಿಯಿತು. 2013ರ ಮಾರ್ಚ್‌ನಲ್ಲಿ ಸನ್‌ಟೆಕ್ 54 ಕೋಟಿ ಡಾಲರಿನ ಬಾಂಡ್ ಹಣ ಹಿಂದಿರುಗಿಸಲಾಗದೆ ಮುಗ್ಗರಿಸಿತು, ಅದರ ಮುಖ್ಯ ಘಟಕ ದಿವಾಳಿಯಾಯಿತು. ಅಂದರೆ ಖರ್ಚಿನ ಒಂದು ಪಾಲನ್ನು ಹೂಡಿಕೆದಾರರೂ ಹೊತ್ತರು.

ಆಸ್ಟ್ರೇಲಿಯಾ ಜಾತ್ರೆಗೆ ತಡವಾಗಿ ಬಂದರೂ ಜೋರಾಗಿ ಬಂತು. ನಮ್ಮ ರಾಜ್ಯದಲ್ಲಿ 2010ರ ಜನವರಿಯಿಂದ ಯೂನಿಟ್‌ಗೆ 60 ಸೆಂಟ್ ಕೊಡುವ ಯೋಜನೆ ಬಂತು. ಜನ ಮುಗಿಬಿದ್ದರು. ಅದೇ ಅಕ್ಟೋಬರ್‌ನಲ್ಲಿ ಹೊಸಬರಿಗೆ ದರವನ್ನು 20 ಸೆಂಟ್‌ಗೆ ಇಳಿಸಿದರು. 2016ರ ಕೊನೆಗೆ ಯೋಜನೆ ಮುಗಿಯಿತು. ಅಷ್ಟರಲ್ಲಿ ಒಂದು ಒಳ್ಳೆಯದಾಗಿತ್ತು: ಸಾವಿರಾರು ಎಲೆಕ್ಟ್ರಿಷಿಯನ್‌ಗಳು ಈ ಕೆಲಸ ಕಲಿತಿದ್ದರು. ಇಂದು ಇಲ್ಲಿ ರಿಯಾಯಿತಿ ಕಳೆದು ವಾಟ್‌ಗೆ ಹೆಚ್ಚುಕಡಿಮೆ ಒಂದು ಡಾಲರಿಗೆ ಕೆಲಸ ಮುಗಿಯುತ್ತದೆ. ಅಮೆರಿಕದಲ್ಲಿರುವ ನಮ್ಮ ನೆಂಟರು ಅವರ ಡಾಲರಿನಲ್ಲಿ ಸುಮಾರು ಮೂರು ಕೊಡುತ್ತಾರೆ. ಪ್ಯಾನೆಲ್ ಬೆಲೆಯಿಂದಷ್ಟೇ ಈ ಅಂತರ ಹುಟ್ಟುವುದಿಲ್ಲ. ಊರೂರಿಗೆ ಬೇರೆ ಪರವಾನಗಿ, ತಪಾಸಣೆ, ಗಿರಾಕಿ ಹುಡುಕುವ ಖರ್ಚು, ಇವೇ ಅಲ್ಲಿ ಬಿಲ್ಲನ್ನು ಉಬ್ಬಿಸುತ್ತವೆ.

ಊರಿನ ಲೆಕ್ಕ ಬೇರೆ

ಊರಿನ ತಾರಸಿಗಳ ಮೇಲೆ ಬಹಳ ಕಾಲದಿಂದ ಕಾಣುವ ಸೋಲಾರ್ ವಾಟರ್ ಹೀಟರ್ ಬೇರೆ. ಅದು ಬಿಸಿಲಿನ ಶಾಖವನ್ನು ನೀರಿಗೆ ಕೊಡುತ್ತದೆ, ಅಷ್ಟೆ. ಸೌರಕೋಶದ ವಿಷಯದಲ್ಲಿ ಕರ್ನಾಟಕ ಜಗತ್ತಿಗೆ ಕಲಿಸಿದ ಪಾಠ ಬ್ಯಾಂಕಿನ ಕೌಂಟರಿನಲ್ಲಿ ಹುಟ್ಟಿತು.

ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಆರಂಭಿಸಿದಾಗ, ಕರೆಂಟಿಲ್ಲದ ಮನೆಗೆ ನಾಲ್ಕು ದೀಪ ಉರಿಸುವ ಸಣ್ಣ ಪ್ಯಾನೆಲ್ಲೂ ಕೂಲಿಯವರ ಕೈಗೆ ಎಟುಕುತ್ತಿರಲಿಲ್ಲ. ಹಂದೆಯವರು ಹೇಳುವ ಒಂದು ಮಾತು ನನ್ನ ವೃತ್ತಿಯವರೆಲ್ಲ ಬರೆದಿಟ್ಟುಕೊಳ್ಳಬೇಕಾದದ್ದು: ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಭಾರವಲ್ಲ. ಮೊತ್ತ ಒಂದೇ, ಕಂತು ಬೇರೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಕಡಿಮೆ ಬಡ್ಡಿಗೆ ಸೋಲಾರ್ ಸಾಲ ಕೊಡತೊಡಗಿದವು. ಕೆಲವೇ ವರ್ಷಗಳಲ್ಲಿ 19,000ಕ್ಕೂ ಹೆಚ್ಚು ಸಾಲ ವಿತರಣೆಯಾಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆ ದಿನಗಳಲ್ಲಿ ನಾನು ಆರ್ಟಿಕಲ್ಡ್ ಕ್ಲರ್ಕ್. ಮಲೆನಾಡಿನ ಒಂದು ಬ್ಯಾಂಕ್ ಶಾಖೆಯ ಆಡಿಟ್‌ಗೆ ಹೋದಾಗ ಲೆಡ್ಜರಿನಲ್ಲಿ ಈ ಸಾಲಗಳನ್ನು ನೋಡಿದ್ದೆ. ಅಡಿಕೆ ಬೆಳೆಗಾರನ ಕಂತು ಕೊಯ್ಲಿನ ತಿಂಗಳಿಗೆ ಬೀಳುತ್ತಿತ್ತು, ಹಾಲು ಹಾಕುವವನದು ಪ್ರತಿ ತಿಂಗಳಿಗೆ. ಸುಸ್ತಿ ಸಾಲಗಳ ಪಟ್ಟಿಯಲ್ಲಿ ಇವರ ಹೆಸರು ಹುಡುಕಿದೆ, ಸಿಗಲಿಲ್ಲ. ಸೀಮೆಎಣ್ಣೆಗೆ ಹೋಗುತ್ತಿದ್ದ ಹಣವೇ ಕಂತಿಗೆ ತಿರುಗಿದೆ ಎಂದು ಮ್ಯಾನೇಜರ್ ವಿವರಿಸಿದರು. ಅಲ್ಲಿ ಯಾರೂ ದಕ್ಷತೆ ಶೇಕಡಾ ಎಷ್ಟು ಎಂದು ಕೇಳಿರಲಿಲ್ಲ. ಸಂಜೆ ಮಕ್ಕಳು ಓದುವ ಹೊತ್ತಿಗೆ ದೀಪ ಉರಿಯುತ್ತದೆಯೆ ಎಂದು ಕೇಳಿದ್ದರು.

ಈಗಿನ ಪ್ರಶ್ನೆಗಳು

ಇಲ್ಲಿ ಸ್ವಂತ ಮನೆಯುಳ್ಳವರಿಗೆ ಮೊದಲು. ಸಿಡ್ನಿಯ ಬಿಸಿಲಿನಲ್ಲಿ 6.6 ಕಿಲೋವಾಟ್ ವ್ಯವಸ್ಥೆ ದಿನಕ್ಕೆ ಸರಾಸರಿ 25 ಯೂನಿಟ್ ಕೊಡುತ್ತದೆ. ಆದರೆ 60 ಸೆಂಟ್‌ನ ಕಾಲ ಹೋಯಿತು. ನೀವು ಕೊಳ್ಳುವ ದರ 33 ಸೆಂಟ್, ಮಾರುವ ದರ 5 ಸೆಂಟ್ ಎಂದಿಟ್ಟುಕೊಳ್ಳಿ. ಮನೆಯಲ್ಲೇ ಬಳಸಿದ ಯೂನಿಟ್ ಮಾರಿದ್ದಕ್ಕಿಂತ ಆರು ಪಟ್ಟು ಬೆಲೆಯದು. ಬಟ್ಟೆ, ಪಾತ್ರೆ, ನೀರು ಕಾಯಿಸುವುದು ನಡುಮಧ್ಯಾಹ್ನಕ್ಕೆ ಬಂದರೆ ಲಾಭ. ಬ್ಯಾಟರಿಗೆ 2025ರ ಜುಲೈನಿಂದ ಸುಮಾರು ಶೇ. 30 ರಿಯಾಯಿತಿ ಸಿಗುತ್ತಿದೆ. ರಾತ್ರಿಯ ಬಳಕೆ ಎಷ್ಟೆಂದು ಬಿಲ್ ನೋಡಿ ನಿರ್ಧರಿಸಿ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳಿದರೂ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಅದರ ಬದಲಿ ಖರ್ಚನ್ನೂ ಈಗಲೇ ಬರೆದುಕೊಳ್ಳಿ.

ಊರಿನ ಮನೆಗೆ ಹಣ ಕಳಿಸುವವರು ಮೊದಲು ಅಲ್ಲಿನ ಕರೆಂಟ್ ಬಿಲ್ ತರಿಸಿಕೊಳ್ಳಿ. 2024ರಿಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ 2023ರಿಂದ ಕರ್ನಾಟಕದಲ್ಲಿ ಗೃಹಜ್ಯೋತಿಯೂ ಇದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಅಪ್ಪ-ಅಮ್ಮನ ಬಿಲ್ ಈಗಾಗಲೇ ಸೊನ್ನೆಯಾಗಿದ್ದರೆ, ಪ್ಯಾನೆಲ್ ಅದನ್ನು ಇನ್ನೂ ಇಳಿಸಲಾರದು. ಇನ್ನೊಂದು ಮಾತು: ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಅವರ ಕಷ್ಟ ಪವರ್ ಕಟ್ ಆಗಿದ್ದರೆ ಅವರಿಗೆ ಬೇಕಾದದ್ದು ಮೊದಲು ಬ್ಯಾಟರಿ.

ಕೊನೆಯದಾಗಿ ಈ ಸಭೆಯಲ್ಲಿರುವ ಬಾಡಿಗೆ ಮನೆಯವರ ಮಾತು. ಹೊಸದಾಗಿ ಬಂದ ನಮ್ಮವರಲ್ಲಿ ಬಹಳಷ್ಟು ಜನ ನೀವೇ. ಈ ದೇಶದಲ್ಲಿ ಮೂರರಲ್ಲಿ ಒಂದು ಮನೆಗೆ ಸೋಲಾರ್ ಇದೆ. ಅದರ ರಿಯಾಯಿತಿಯ ಖರ್ಚು ಎಲ್ಲರ ಬಿಲ್ಲಿನಲ್ಲೂ ಹಂಚಿಹೋಗಿದೆ, ನಿಮ್ಮದರಲ್ಲೂ. ಛಾವಣಿ ಮಾಲೀಕನದು, ಬಿಲ್ ನಿಮ್ಮದು. ಹಾಗಾಗಿ ಅವನು ಹಾಕಿಸುವುದಿಲ್ಲ, ನೀವು ಹಾಕಿಸುವಂತಿಲ್ಲ. 2026ರ ಜುಲೈನಿಂದ ಮಧ್ಯಾಹ್ನ ಕನಿಷ್ಠ ಮೂರು ಗಂಟೆ ಉಚಿತ ವಿದ್ಯುತ್ ಕೊಡುವ 'ಸೋಲಾರ್ ಶೇರರ್' ಯೋಜನೆಯನ್ನು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿತು. ಸ್ಮಾರ್ಟ್ ಮೀಟರ್ ಇದ್ದರೆ ಸಾಕು, ಛಾವಣಿ ಬೇಕಿಲ್ಲ. ಅದನ್ನು ಯಾರೋ ಕೊಟ್ಟ ದಾನವೆಂದು ತಿಳಿಯಬೇಡಿ, ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ನೀವು ಮುಂಗಡ ಕೊಟ್ಟಿದ್ದೀರಿ, ಈಗ ಜಮಾ ಆಗಬೇಕಾದ ಸರದಿ.