ಸತ್ತರೆ ಮೊದಲಿಂದ: ರೋಗ್‌ನಿಂದ ಸ್ಪೆಲಂಕಿವರೆಗೆ, ಹೊಸಬರಿಗೊಂದು ದಾರಿ

ಇವತ್ತಿನ ಮಾತು ಸ್ಪೆಲಂಕಿ ಅನ್ನೋ ಗೇಮ್ ಸರಣಿ ಬಗ್ಗೆ. ನಾನು ಇದನ್ನ ಮೊದಲ ಸಲ ಆಡಿದಾಗ ನಲವತ್ತು ಸೆಕೆಂಡಿನಲ್ಲಿ ಸತ್ತೆ. ಎರಡನೇ ಸಲ ಇನ್ನೂ ಬೇಗ. ಮೂರನೇ ಸಲ ಒಂದು ಬಾವಲಿ ಬಂದು ಮುಖಕ್ಕೆ ಬಡೀತು, ಹಿಂದಕ್ಕೆ ಬಿದ್ದೆ, ಕೆಳಗೆ ಮುಳ್ಳಿತ್ತು, ಕಥೆ ಮುಗೀತು. ಒಂದು ವಾರ ಹೀಗೇ ಆಡಿ ಬಿಟ್ಟುಬಿಟ್ಟೆ. ನಿಮ್ಮಲ್ಲೂ ಸುಮಾರು ಜನ ಸೇಲ್‌ನಲ್ಲಿ ಕೊಂಡು, ಹತ್ತು ಸಲ ಸತ್ತು, ಅಲ್ಲೇ ಬಿಟ್ಟಿರ್ತೀರಿ. ಮತ್ತೆ ತೆಗೆಯಿರಿ ಅಂತ ಹೇಳೋಕೆ ಈ ಮಾತು. ಆದರೆ ಟಿಪ್ಸ್‌ಗೆ ಮೊದಲು ಸ್ವಲ್ಪ ಚರಿತ್ರೆ ಬೇಕು. ಈ ಗೇಮ್ ನಮ್ಮನ್ನ ಯಾಕೆ ಹೀಗೆ ಸಾಯಿಸುತ್ತೆ ಅಂತ ಗೊತ್ತಾಗದೆ ಟಿಪ್ಸ್ ಕೆಲಸ ಮಾಡೋಲ್ಲ. ಇದು ನನ್ನ ಸ್ವಂತ ಅನುಭವ.

2014ರ ಮಾತು. ಪುಣೆಯ ವಾಕಡ್‌ನಲ್ಲಿ ಮೂವರು ಕನ್ನಡದ ಹುಡುಗರು ಸೇರಿ ಒಂದು ಫ್ಲ್ಯಾಟ್ ಮಾಡಿದ್ದೆವು. ನನ್ನ ಪ್ರಾಜೆಕ್ಟ್ ಮುಗಿದು ಬೆಂಚ್ ಮೇಲೆ ಕೂತಿದ್ದೆ. ಬೆಂಚ್ ಅಂದರೇನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ವಾರಕ್ಕೊಂದು ಕ್ಲೈಂಟ್ ಇಂಟರ್‌ವ್ಯೂ, ಎರಡು ದಿನಕ್ಕೆ ರಿಜೆಕ್ಟ್ ಅಂತ ಮೇಲ್. ಊರಿಂದ ಅಮ್ಮ ಫೋನ್ ಮಾಡಿದಾಗ "ಕೆಲಸ ಹೇಗಿದೆಯಪ್ಪ?" ಅಂದರೆ "ನಡೀತಿದೆ" ಅಂತಿದ್ದೆ. ರಾತ್ರಿ ಕೂತು ಸ್ಪೆಲಂಕಿಯಲ್ಲೂ ಸಾಯ್ತಿದ್ದೆ. ಹಗಲೂ ಸೋಲು, ರಾತ್ರಿನೂ ಸೋಲು.

ಒಂದು ರಾತ್ರಿ ಹುಬ್ಬಳ್ಳಿಯ ರೂಮ್‌ಮೇಟ್ ಹಿಂದೆ ನಿಂತು ನೋಡ್ತಿದ್ದ. ನಾನು "ಈ ಸಲ ಬಲಗಡೆ ಹೋಗಬೇಕಿತ್ತು, ಹೋದ ಸಲ ಅಲ್ಲೇ ಬಾಗಿಲಿತ್ತು" ಅಂತ ಗೊಣಗಿದೆ. ಅವನು ನಕ್ಕ. "ಲೇ, ಆ ಮನಿ ಪ್ರತೀ ಸಲಾ ಬದಲಾಗ್ತೈತಿ, ನೀ ಹಳೇ ದಾರಿ ಬಾಯಿಪಾಠ ಮಾಡಾಕತ್ತೀಯಲ್ಲೋ!" ಅಂದ. ನನ್ನ ತಪ್ಪು ಅದೇ ಆಗಿತ್ತು. ಚಿಕ್ಕಂದಿನಲ್ಲಿ ಮಾರಿಯೊ ಆಡಿ ಬೆಳೆದವನು ನಾನು. ಅಲ್ಲಿ ಎಲ್ಲಿ ಗುಂಡಿ, ಎಲ್ಲಿ ಆಮೆ ಅಂತ ನೆನಪಿಟ್ಟುಕೊಂಡರೆ ಸಾಕು. ಇಲ್ಲಿ ಆ ನೆನಪಿಗೆ ಬೆಲೆಯೇ ಇಲ್ಲ. ಹಾಗಾದರೆ ಬೆಲೆ ಯಾವುದಕ್ಕಿದೆ? ಅದನ್ನ ಹುಡುಕ್ತಾ ಹೋದಾಗ 1980ಕ್ಕೆ ಹೋಗಿ ಮುಟ್ಟಿದೆ.

ರೋಗ್ ಅಂದರೆ ರೋಗ ಅಲ್ಲ

ಸ್ಪೆಲಂಕಿ ಥರದ ಗೇಮ್‌ಗಳನ್ನ ರೋಗ್‌ಲೈಕ್ ಅಂತಾರೆ. ಹೆಸರು ಕೇಳಿ ನಮ್ಮ ಮನೆಯಲ್ಲಿ "ಏನೋ ಅದು, ರೋಗ ಬಂದಂಗೆ?" ಅಂದರು. ರೋಗ್ ಅನ್ನೋದು ಒಂದು ಗೇಮ್‌ನ ಹೆಸರು. ಸುಮಾರು 1980ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್‌ನಲ್ಲಿ ಓದ್ತಿದ್ದ ಮೈಕಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಬರೆದದ್ದು. ಆ ಕಾಲದ ಕಂಪ್ಯೂಟರ್ ಗೇಮ್‌ಗಳಲ್ಲಿ ಹೆಚ್ಚಿನವು ಬರೀ ಅಕ್ಷರಗಳ ಸಾಹಸ ಕಥೆಗಳು. ಒಮ್ಮೆ ಒಗಟು ಬಿಡಿಸಿದರೆ ಮುಗೀತು, ಎರಡನೇ ಸಲ ಆಡೋಕೆ ಏನೂ ಉಳಿಯೋಲ್ಲ. ಬರೆದವರಿಗಂತೂ ಮೊದಲ ಸಲವೂ ಮಜಾ ಇಲ್ಲ, ಉತ್ತರ ಅವರಿಗೆ ಮೊದಲೇ ಗೊತ್ತು! ಟಾಯ್ ಮತ್ತು ವಿಚ್‌ಮನ್‌ಗೆ ಬೇಕಿದ್ದದ್ದು ಬರೆದವರನ್ನೂ ಬೆರಗುಗೊಳಿಸೋ ಗೇಮ್. ಹಾಗಾಗಿ ನೆಲಮಾಳಿಗೆಯನ್ನ ಪ್ರತೀ ಸಲವೂ ಹೊಸದಾಗಿ ಕಟ್ಟೋ ಕೆಲಸವನ್ನ ಪ್ರೋಗ್ರಾಮಿಗೇ ಬಿಟ್ಟರು.

ರೋಗ್‌ನಲ್ಲಿ ಚಿತ್ರ ಇಲ್ಲ. ನೀವು ಒಂದು @ ಗುರುತು. ರಾಕ್ಷಸರು ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರಗಳು. ಇಪ್ಪತ್ತಾರನೇ ಮಹಡಿಗೆ ಇಳಿದು ಒಂದು ತಾಯಿತ ತಗೊಂಡು ಮೇಲೆ ಬರಬೇಕು. ಪರದೆ ಮೇಲೆ ಬೇಕಾದ ಜಾಗದಲ್ಲಿ ಅಕ್ಷರ ಮೂಡಿಸೋಕೆ ಅವರು ಬಳಸಿದ್ದು ಬರ್ಕ್‌ಲಿಯ ಕೆನ್ ಆರ್ನಾಲ್ಡ್ ಬರೆದ ಕರ್ಸಸ್ ಲೈಬ್ರರಿ. ಮುಂದೆ ಟಾಯ್ ಬರ್ಕ್‌ಲಿಗೇ ಹೋಗಿ ಆರ್ನಾಲ್ಡ್ ಜೊತೆ ಕೆಲಸ ಮಾಡಿದರು.

ಇಲ್ಲೊಂದು ಸಂಗತಿ ನಿಮಗೆ ಖುಷಿ ಕೊಡುತ್ತೆ. ವಿಐ ಎಡಿಟರ್‌ನಲ್ಲಿ ಎಡಕ್ಕೆ ಎಚ್, ಕೆಳಗೆ ಜೆ, ಮೇಲೆ ಕೆ, ಬಲಕ್ಕೆ ಎಲ್ ಒತ್ತುತ್ತೀವಲ್ಲ, ರೋಗ್‌ನಲ್ಲಿ ನಡೆಯೋದೂ ಅದೇ ಕೀಗಳಲ್ಲಿ. ಬಿಲ್ ಜಾಯ್ ವಿಐ ಬರೆದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಆ ನಾಲ್ಕು ಕೀಗಳ ಮೇಲೇ ಅಚ್ಚಾಗಿದ್ದವು. ಕರ್ಸಸ್ ಹುಟ್ಟಿದ್ದೂ ವಿಐಗಾಗಿ ಬರೆದಿದ್ದ ಕೋಡ್‌ನಿಂದಲೇ. ಅಂದರೆ ರಾತ್ರಿ ಎರಡು ಗಂಟೆಗೆ ಸರ್ವರ್ ಡೌನ್ ಆದಾಗ ನೀವು ವಿಐ ತೆಗೆದು ಕಾನ್ಫಿಗ್ ಫೈಲ್‌ನಲ್ಲಿ ಓಡಾಡೋ ರೀತಿಗೂ ಈ ನೆಲಮಾಳಿಗೆಗೂ ಒಂದೇ ಮನೆತನ.

1983ರಲ್ಲಿ ರೋಗ್ 4.2 ಬಿಎಸ್‌ಡಿ ಯೂನಿಕ್ಸ್ ಜೊತೆಗೇ ವಿಶ್ವವಿದ್ಯಾಲಯಗಳಿಗೆ ಹೋಯ್ತು. ಕಾರ್ನೆಗಿ ಮೆಲನ್‌ನ ನಾಲ್ವರು ವಿದ್ಯಾರ್ಥಿಗಳು ಅದಕ್ಕೂ ಮೊದಲೇ, 1981ರಲ್ಲಿ, ತಮ್ಮ ಬದಲು ರೋಗ್ ಆಡೋಕೆ ರೋಗ್-ಒ-ಮ್ಯಾಟಿಕ್ ಅನ್ನೋ ಪ್ರೋಗ್ರಾಮ್ ಶುರು ಮಾಡಿದ್ದರು. ನಮ್ಮ ಜನರೇ ನೋಡಿ, ಕಷ್ಟದ ಕೆಲಸ ಸಿಕ್ಕರೆ ಮೊದಲು ಆಟೊಮೇಟ್ ಮಾಡೋದು.

ಸೇವ್ ಫೈಲ್ ಅಳಿಸಿದ್ದು ಯಾಕೆ

ಈಗ ಮುಖ್ಯ ವಿಷಯ. ರೋಗ್‌ನಲ್ಲಿ ಆಟ ಸೇವ್ ಮಾಡಬಹುದಿತ್ತು. ಆದರೆ ಸೇವ್ ಮಾಡಿದ್ದನ್ನ ಮತ್ತೆ ತೆರೆದ ಕೂಡಲೇ ಆ ಫೈಲ್ ಅಳಿಸಿಹೋಗ್ತಿತ್ತು. ಸತ್ತರೆ ಹಿಂದಕ್ಕೆ ಹೋಗೋ ದಾರಿ ಇಲ್ಲ. ಫೈಲ್ ಕಾಪಿ ಮಾಡಿ ಇಟ್ಟುಕೊಳ್ಳೋ ಜಾಣರಿಗೆ ಅಂತಾನೇ ಪ್ರೋಗ್ರಾಮಿನಲ್ಲಿ ಫೈಲ್‌ನ ಐನೋಡ್ ನಂಬರ್ ತಾಳೆ ನೋಡೋ ಚೆಕ್ ಕೂಡ ಹಾಕಿದ್ದರು.

ಇದನ್ನ ಕ್ರೌರ್ಯ ಅಂತ ನಾನು ಅಂದುಕೊಂಡಿದ್ದೆ. ವಿಚ್‌ಮನ್ ಎಷ್ಟೋ ವರ್ಷಗಳ ನಂತರ ವಿವರಿಸಿದ್ದು ಬೇರೆ. ಆಟಗಾರನಿಗೆ ನೋವು ಕೊಡೋದು ಅವರ ಉದ್ದೇಶ ಆಗಿರಲಿಲ್ಲ, ಆಟಗಾರ ಮಾಡೋ ಪ್ರತಿ ಆಯ್ಕೆಗೂ ತೂಕ ಬರಬೇಕಿತ್ತು. ಯೋಚನೆ ಮಾಡಿ, ಕೆಂಪು ಬಣ್ಣದ ಮದ್ದು ಸಿಕ್ಕಿದೆ. ಅದು ಗಾಯ ವಾಸಿ ಮಾಡುತ್ತೋ ಕಣ್ಣು ಕಳೆಯುತ್ತೋ ಗೊತ್ತಿಲ್ಲ. ಹಳೇ ಸೇವ್ ಇದ್ದರೆ ಕುಡಿದು ನೋಡಿ, ಕೆಟ್ಟದಾದರೆ ವಾಪಸ್ ಬರ್ತೀರಿ. ಆಗ ಆ ಮದ್ದಿನಲ್ಲಿ ಏನೂ ಉಳಿಯೋಲ್ಲ. ಹೊಸ ಆಟದಲ್ಲಿ ಬಣ್ಣಗಳೂ ಅದಲುಬದಲಾಗುತ್ತವೆ, ಈ ಸಲದ ಕೆಂಪು ಮುಂದಿನ ಸಲ ವಿಷ ಇರಬಹುದು. ಹಾಗಾಗಿ ಕಲಿಯಬೇಕಾದ್ದು "ಕೆಂಪು ಒಳ್ಳೆಯದು" ಅಂತ ಅಲ್ಲ, "ಗೊತ್ತಿಲ್ಲದ ಮದ್ದನ್ನ ಯಾವಾಗ ಕುಡಿದರೆ ಅಪಾಯ ಕಡಿಮೆ" ಅಂತ.

ನಮ್ಮ ಅಜ್ಜಿ ಮನೆಯ ಪರಮಪದ ನೆನಪಿದೆಯಾ? ಅಲ್ಲಿ ಪಟ ಬದಲಾಗೋಲ್ಲ, ದೊಡ್ಡ ಹಾವು ಯಾವಾಗಲೂ ಅದೇ ಮನೆಯಲ್ಲಿ ಬಾಯ್ತೆರೆದು ಕೂತಿರುತ್ತೆ. ಗೊತ್ತಿದ್ದೂ ಏನೂ ಮಾಡೋಕಾಗೋಲ್ಲ, ಕವಡೆ ಬಿದ್ದಂಗೆ ನಡೀಬೇಕು. ರೋಗ್‌ನಲ್ಲಿ ಪಟವೇ ಕವಡೆ ಹಾಕಿದಂತೆ ಬದಲಾಗುತ್ತೆ, ಆದರೆ ನಡೆ ಪೂರ್ತಿ ನಿಮ್ಮ ಕೈಯಲ್ಲಿ. ಎರಡೂ ಕಡೆ ಅದೃಷ್ಟ ಇದೆ, ಅದು ಕೂತಿರೋ ಜಾಗ ಬೇರೆ ಅಷ್ಟೇ.

ಸ್ಪೆಲಂಕಿ ಬಂದ ದಾರಿ

ರೋಗ್ ಅಂಗಡಿಯಲ್ಲಿ ಓಡಲಿಲ್ಲ. ಟಾಯ್ ಮತ್ತು ಜಾನ್ ಲೇನ್ ಪಿಸಿಗೆ ತಂದರು, ಎಪಿಕ್ಸ್ ಕಂಪನಿ ಮಾರಿತು, ದುಡ್ಡಾಗಲಿಲ್ಲ. ಆದರೆ ಪುಕ್ಕಟೆ ದಾರಿಯಲ್ಲಿ ವಂಶ ಬೆಳೀತು. ರೋಗ್‌ನ ಸೋರ್ಸ್ ಕೋಡ್ ಸಿಗದ ಜೇ ಫೆನ್‌ಲಸನ್ ಅನ್ನೋ ಹೈಸ್ಕೂಲ್ ಹುಡುಗ ಗೆಳೆಯರ ಜೊತೆ ಸೇರಿ ತಾನೇ ಹ್ಯಾಕ್ ಬರೆದ. ಅದು 1987ರಲ್ಲಿ ನೆಟ್‌ಹ್ಯಾಕ್ ಆಯ್ತು. ಎಲ್ಲವೂ ನಿಧಾನದ ಆಟಗಳು: ನೀವು ಒಂದು ಹೆಜ್ಜೆ ಇಟ್ಟರೆ ರಾಕ್ಷಸ ಒಂದು ಹೆಜ್ಜೆ ಇಡ್ತಾನೆ. ಚದುರಂಗದ ಹಾಗೆ ಕೂತು ಯೋಚಿಸಬಹುದು.

2008ರ ಕೊನೆಯಲ್ಲಿ ಡೆರೆಕ್ ಯು ಅನ್ನೋ ಅಮೆರಿಕದ ಗೇಮ್ ತಯಾರಕ ಈ ವಂಶವನ್ನ ಮಾರಿಯೊ ಮನೆತನಕ್ಕೆ ಮದುವೆ ಮಾಡಿಸಿದ. ಓಡೋದು, ಹಾರೋದು ಮಾರಿಯೊದು. ಪ್ರತೀ ಸಲ ಹೊಸ ಗುಹೆ, ಸತ್ತರೆ ಮೊದಲಿಂದ ಅನ್ನೋದು ರೋಗ್‌ದು. ಗೇಮ್ ಮೇಕರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಡಿ ಪುಕ್ಕಟೆ ಹಂಚಿದ.

ಆ ಮೊದಲ ಸ್ಪೆಲಂಕಿಯ ಕೋಡ್ ಓದಿದವರಿಗೆ ಒಂದು ಸೊಗಸು ಕಾಣುತ್ತೆ. ರೋಗ್‌ನ ಮಹಡಿ ಮೂರು ಬೈ ಮೂರರ ಮನೆಗಳು. ಸ್ಪೆಲಂಕಿಯದು ನಾಲ್ಕು ಬೈ ನಾಲ್ಕು, ಒಟ್ಟು ಹದಿನಾರು ಕೋಣೆ. ಮೇಲಿನ ಸಾಲಿನ ಒಂದು ಕೋಣೆಯಿಂದ ಶುರು. ಒಂದರಿಂದ ಐದರೊಳಗೆ ಒಂದು ರ‍್ಯಾಂಡಮ್ ಸಂಖ್ಯೆ: ಒಂದು, ಎರಡು ಬಂದರೆ ಎಡಕ್ಕೆ, ಮೂರು, ನಾಲ್ಕು ಬಂದರೆ ಬಲಕ್ಕೆ, ಐದು ಬಂದರೆ ಕೆಳಕ್ಕೆ. ಗೋಡೆ ತಾಗಿದರೂ ಕೆಳಕ್ಕೆ. ಹೀಗೆ ಕೊನೇ ಸಾಲಿನ ಬಾಗಿಲವರೆಗೆ ಒಂದು ದಾರಿ ಮೊದಲು ನಿಗದಿಯಾಗುತ್ತೆ. ಆಮೇಲೆ ಉಳಿದ ಕೋಣೆ, ಬಲೆ, ಹಾವು, ಚಿನ್ನ ಎಲ್ಲ ತುಂಬಿಸೋದು. ಅಂದರೆ ಬಾಂಬು, ಹಗ್ಗ ಏನೂ ಇಲ್ಲದಿದ್ದರೂ ಬಾಗಿಲಿಗೆ ಹೋಗೋ ದಾರಿ ಇದ್ದೇ ಇರುತ್ತೆ. ಇದು ಗೊತ್ತಾದ ದಿನ ಗೇಮ್ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳೀತು. ಕಠಿಣ ಹೌದು, ಮೋಸ ಇಲ್ಲ.

ಬ್ರೇಡ್ ಮಾಡಿದ ಜೊನಾಥನ್ ಬ್ಲೋ ಒತ್ತಾಸೆಯಿಂದ ಇದು ಹೊಸ ಚಿತ್ರಗಳೊಂದಿಗೆ 2012ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ, 2013ರಲ್ಲಿ ಪಿಸಿಗೆ ಬಂತು. ಸ್ಪೆಲಂಕಿ 2 ಬಂದಿದ್ದು 2020ರಲ್ಲಿ. ಅದರಲ್ಲಿ ಮೊದಲನೇ ನಾಯಕನ ಮಗಳು ಆನಾ ಅಪ್ಪ-ಅಮ್ಮನನ್ನ ಹುಡುಕಿಕೊಂಡು ಚಂದ್ರನಿಗೆ ಹೋಗ್ತಾಳೆ.

ಎಲ್ಲಿಂದ ಶುರು ಮಾಡೋದು

ನನ್ನ ಸಲಹೆ, 2012ರ ಸ್ಪೆಲಂಕಿಯಿಂದ. ದುಡ್ಡು ಹಾಕೋ ಮೊದಲು ರುಚಿ ನೋಡಬೇಕಾ? 2008ರದು ಈಗಲೂ ಪುಕ್ಕಟೆ. ಸ್ಪೆಲಂಕಿ 2ರಿಂದ ಶುರು ಮಾಡಬೇಡಿ. ಅದರ ಮೊದಲ ಭಾಗವೇ ಹಳೇ ಗಣಿಗಿಂತ ಗಟ್ಟಿ, ಒಂದನ್ನ ಆಡಿ ಬಂದವರಿಗೆ ಅಂತ ಕಟ್ಟಿದ ಹಾಗಿದೆ.

ಕೈಯಲ್ಲಿ ಇರೋದು ನಾಲ್ಕು ಹೃದಯ, ನಾಲ್ಕು ಬಾಂಬ್, ನಾಲ್ಕು ಹಗ್ಗ. ಗಣಿ, ಕಾಡು, ಹಿಮಗುಹೆ, ದೇವಸ್ಥಾನ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು ಹದಿನಾರು. ಹದಿನಾರರ ಲೆಕ್ಕ ಬಿಡಿ. ಮೊದಲ ತಿಂಗಳ ಗುರಿ ಗಣಿಯ ನಾಲ್ಕು ಹಂತ ದಾಟೋದು, ಅಷ್ಟೇ.

ಹಾರೋ ಮೊದಲು ನೋಡಿ. ಕೆಳಗಿನ ಕೀ ಒತ್ತಿ ಹಿಡಿದರೆ ಕ್ಯಾಮೆರಾ ಕೆಳಗೆ ಸರಿಯುತ್ತೆ. ನನ್ನ ಮೊದಲ ನೂರು ಸಾವಿನಲ್ಲಿ ಅರ್ಧ ಈ ಒಂದು ಸೆಕೆಂಡ್ ಉಳಿಸೋಕೆ ಹೋಗಿ ಆದದ್ದು. ಮುಳ್ಳು ಮೇಲಿಂದ ಬಿದ್ದರೆ ಮಾತ್ರ ಸಾವು, ಪಕ್ಕದಿಂದ ನಡೆದುಕೊಂಡು ಹೋದರೆ ಏನೂ ಆಗೋಲ್ಲ.

ಗೋಡೆಯಲ್ಲಿ ಮುಖ ಇರೋ ಕಲ್ಲು ಕಂಡರೆ ಅದು ಬಾಣದ ಬಲೆ, ಎರಡು ಹೃದಯ ಹೋಗುತ್ತೆ. ಅದಕ್ಕೆ ಬಾಣ ಒಂದೇ. ಎದುರಿಗೆ ಕಲ್ಲೋ ಮಡಕೆಯೋ ಎಸೆದರೆ ಬಾಣ ಖಾಲಿ. ಅದಕ್ಕೇ ಕೈ ಖಾಲಿ ಬಿಟ್ಟು ಓಡಾಡಬೇಡಿ.

ಬಾಂಬು, ಹಗ್ಗ ಉಳಿಸಬೇಡಿ. ನಮ್ಮ ಮಿಡಲ್ ಕ್ಲಾಸ್ ಬುದ್ಧಿ, "ಮುಂದೆ ಬೇಕಾಗಬಹುದು" ಅಂತ ಎತ್ತಿಡ್ತೀವಿ. ನಾಲ್ಕು ಬಾಂಬ್ ಜೇಬಲ್ಲಿಟ್ಟುಕೊಂಡು ಸತ್ತರೆ ಯಾರಿಗೆ ಉಳಿತಾಯ?

ಅಂಗಡಿಯವನ ತಂಟೆಗೆ ಹೋಗಬೇಡಿ. ಅವನ ಹತ್ತಿರ ಬಂದೂಕಿದೆ. ಕದ್ದರೆ ಮುಂದಿನ ಹಂತಗಳ ಬಾಗಿಲಲ್ಲೂ ಅವನ ಕಡೆಯವರು ಕಾಯ್ತಿರ್ತಾರೆ. ನಾನೊಮ್ಮೆ ಬಾವಲಿಗೆ ಎಸೆದ ಕಲ್ಲು ಅವನಿಗೆ ತಾಗಿ, ತಪ್ಪಾಯ್ತು ಅನ್ನೋಕೂ ಟೈಮ್ ಸಿಗಲಿಲ್ಲ.

ನಿಧಾನ ಮಾಡಿ, ಆದರೆ ಮಲಗಬೇಡಿ. 2012ರ ಆಟದಲ್ಲಿ ಒಂದು ಹಂತದಲ್ಲಿ ಎರಡೂವರೆ ನಿಮಿಷ ದಾಟಿದರೆ ದೆವ್ವ ಬರುತ್ತೆ, ಮುಟ್ಟಿದರೆ ಮುಗೀತು. ಎರಡನೇ ಆಟದಲ್ಲಿ ಮೂರು ನಿಮಿಷ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಪುಸ್ತಕದಲ್ಲಿ ಸಾವಿನ ಕಾರಣ ಬರೀರಿ, ಒಂದೇ ಸಾಲು. "ಬಾಣ, ನೋಡಲಿಲ್ಲ." "ಮುಳ್ಳು, ಅವಸರ." "ಕಪ್ಪೆ, ಎರಡು ಕಡೆಯಿಂದ." ಎರಡು ವಾರಕ್ಕೆ ಗೊತ್ತಾಗುತ್ತೆ, ನೂರು ಥರ ಸಾಯ್ತಿಲ್ಲ ನೀವು, ನಾಲ್ಕೈದು ಥರ ಮಾತ್ರ. ಗುಹೆ ಎಷ್ಟು ಬದಲಾದರೂ ನಮ್ಮ ತಪ್ಪುಗಳು ಬದಲಾಗಿರೋಲ್ಲ. ನೆನಪಿಡಬೇಕಾದ ನಕ್ಷೆ ಅದು.

ಆ ಪುಸ್ತಕದ ಹಿಂದಿನ ಪುಟಗಳಲ್ಲಿ ನಾನು ಇಂಟರ್‌ವ್ಯೂಗಳನ್ನೂ ಬರೆಯೋಕೆ ಶುರು ಮಾಡಿದೆ. "ಎಸ್‌ಕ್ಯುಎಲ್ ಜಾಯಿನ್, ಗೊತ್ತಿತ್ತು, ಗಾಬರಿ." "ಪ್ರಾಜೆಕ್ಟ್ ವಿವರಿಸಿ ಅಂದರು, ಹತ್ತು ನಿಮಿಷ ಕೊರೆದೆ." ಅಲ್ಲೂ ಮೂರೇ ಥರ. ಆರನೇ ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ಸಿಕ್ಕಿತು. ಗೇಮ್‌ನಿಂದ ಸಿಕ್ಕಿತು ಅಂತ ಹೇಳೋಲ್ಲ. ಗೇಮ್‌ನಲ್ಲಿ ಹೊಸ ಗುಹೆ ಪುಕ್ಕಟೆ, ಇಲ್ಲಿ ಒಂದನೇ ತಾರೀಕು ಬಾಡಿಗೆ ಕಟ್ಟಬೇಕು, ಎರಡೂ ಒಂದೇ ಅನ್ನೋದು ಸುಳ್ಳಾಗುತ್ತೆ. ಆದರೆ ಆ ರಾತ್ರಿ ಅಮ್ಮನಿಗೆ ನಾನೇ ಫೋನ್ ಮಾಡಿ, ಮೂರು ತಿಂಗಳು ಬೆಂಚ್‌ನಲ್ಲಿದ್ದದ್ದನ್ನೂ ಹೇಳಿದೆ. "ಮೊದಲೇ ಹೇಳಬಾರದಿತ್ತೇನೋ" ಅಂದರು, ಅಷ್ಟೇ.

ದೇವಸ್ಥಾನದ ಕೊನೆಯಲ್ಲಿರೋ ಓಲ್ಮೆಕ್‌ನನ್ನ ಸೋಲಿಸೋಕೆ ನನಗೆ ಎಂಟು ತಿಂಗಳು ಹಿಡೀತು. ಹುಬ್ಬಳ್ಳಿಯವನು ಮೂರೇ ತಿಂಗಳಲ್ಲಿ ಮುಗಿಸಿ ಇವತ್ತಿಗೂ ಆಡಿಕೊಳ್ತಾನೆ. ಈ ವೀಕೆಂಡ್ ನೀವೂ ಶುರು ಮಾಡಿ, ಪುಸ್ತಕದ ಮೊದಲ ಸಾಲು ಏನು ಬಂತು ಅಂತ ನನಗೂ ತಿಳಿಸಿ. ಮುಳ್ಳಾ, ಬಾಣಾನಾ, ಅಂಗಡಿಯವನಾ? ಮತ್ತೆ ಸಿಗೋಣ, ನಮಸ್ಕಾರ.