ಕ್ಲೋಸ್‌ಪೇಟೆ ಗ್ರಾನೈಟಿನ ಕಾವು ಮತ್ತು ಯುದ್ಧವಿಮಾನದ ಅವಕೆಂಪು ಸಂವೇದಕ

ಯುದ್ಧವಿಮಾನದ ಪೈಲಟ್‌ಗೆ ಬೆನ್ನ ಹಿಂದಿನದೂ ಕಾಲ ಕೆಳಗಿನದೂ ಕಾಣುವುದಿಲ್ಲ. ಅಮೆರಿಕದ ಎಫ್-35 ಈ ಕೊರತೆಯನ್ನು ಮೈಸುತ್ತ ಕೂರಿಸಿದ ಆರು ಅವಕೆಂಪು ಕ್ಯಾಮೆರಾಗಳಿಂದ ನೀಗಿಕೊಂಡಿದೆ. ಆರರ ಚಿತ್ರಗಳನ್ನೂ ಕಂಪ್ಯೂಟರ್ ಒಂದಾಗಿ ಹೊಲಿದು ಹೆಲ್ಮೆಟ್ಟಿನ ಗಾಜಿನ ಮೇಲೆ ಮೂಡಿಸುತ್ತದೆ. ತಲೆ ಬಗ್ಗಿಸಿದರೆ ವಿಮಾನದ ತಳವನ್ನು ದಾಟಿ ನೆಲವೇ ಕಾಣುತ್ತದೆ. 2023ರ ಏರೋ ಇಂಡಿಯಾಕ್ಕೆಂದು ಈ ವಿಮಾನ ಯಲಹಂಕಕ್ಕೆ ಬಂದಾಗಿನಿಂದ ನಮ್ಮಲ್ಲಿ ಚರ್ಚೆಯೆಲ್ಲ ಅದು ಎಷ್ಟು ದೂರ ನೋಡಬಲ್ಲದು ಎಂಬುದರ ಸುತ್ತಲೇ ನಡೆದಿದೆ. ಆದರೆ ಕೆಳಮುಖ ಸಂವೇದಕದ ನಿಜವಾದ ಕಷ್ಟ ಇರುವುದು ಕಂಡದ್ದರಲ್ಲಿ ಬೇಡದ್ದನ್ನು ತಳ್ಳಿಹಾಕುವುದರಲ್ಲಿ. ಇದನ್ನು ಪರೀಕ್ಷಿಸಲು ರಾಮನಗರ ಸೀಮೆಯ ಬಂಡೆಗಳು ತಕ್ಕ ನೆಲ ಎಂಬುದು ಈ ಲೇಖನದ ವಾದ.

ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನ ಆ ಹೆಸರನ್ನು ಊರು ಬಿಟ್ಟರೂ ಭೂವಿಜ್ಞಾನ ಬಿಡಲಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟು ಉತ್ತರ-ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿದೆ. ರಾಮದೇವರ ಬೆಟ್ಟವೂ, 1,226 ಮೀಟರ್ ಎತ್ತರದ ಮಾಗಡಿಯ ಸಾವನದುರ್ಗವೂ ಬಹುಪಾಲು ಬೋಳುಬಂಡೆ. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದಲ್ಲಿ ಗ್ನೈಸ್ ಶಿಲೆ ಕಪ್ಪುಹಸಿರು ಚಾರ್ನೊಕೈಟಾಗಿ ಮಾರ್ಪಟ್ಟಿದೆ. ಅದರ ಬಣ್ಣ ಗಾಢ. ಬಿಸಿಲನ್ನು ಹೀರುವುದೂ ಹೆಚ್ಚು.

ಮಧ್ಯಾಹ್ನದ ಬಂಡೆ 45 ಡಿಗ್ರಿ ಸೆಲ್ಸಿಯಸ್, ಪಕ್ಕದ ಮರದ ನೆರಳಿನ ಮಣ್ಣು 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಎರಡನ್ನೂ ಆದರ್ಶ ಕಪ್ಪುಕಾಯಗಳೆಂದು ಎಣಿಸಿ ಪ್ಲಾಂಕ್ ಸೂತ್ರ ಹಚ್ಚಿದರೆ, 10 ಮೈಕ್ರಾನ್ ಅಲೆಯುದ್ದದಲ್ಲಿ ಬಂಡೆ ಮಣ್ಣಿಗಿಂತ ಶೇ. 25ರಷ್ಟು ಪ್ರಖರ; 4 ಮೈಕ್ರಾನ್‌ನಲ್ಲಿ ಶೇ. 75ರಷ್ಟು. ಸಂವೇದಕ ಹುಡುಕುವ ಶತ್ರು ಕ್ಷಿಪಣಿಯ ಬಿಸಿ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಜೋರಾಗಿ ಬೆಳಗುವುದೂ 4.3 ಮೈಕ್ರಾನ್‌ನ ಆಸುಪಾಸಿನಲ್ಲೇ. ಅಂದರೆ ಶತ್ರುವನ್ನು ಹುಡುಕಲು ಆರಿಸಿಕೊಂಡ ಅಲೆಯುದ್ದದ ಪಟ್ಟಿಯಲ್ಲೇ ಬಂಡೆಯ ಅಬ್ಬರವೂ ಹೆಚ್ಚು. ಹಗಲಲ್ಲಿ ಇದಕ್ಕೆ ಬಿಸಿಲಿನ ಪ್ರತಿಫಲನವೂ ಸೇರುತ್ತದೆ: ಚನ್ನಪಟ್ಟಣದ ಕಣ್ವ ಜಲಾಶಯದ ಮೇಲೆ ಹೊಳೆಯುವ ನೀರಿನ ಅಲೆ ಕ್ಷಣಾರ್ಧದಲ್ಲಿ ಹುಟ್ಟಿ ಸಾಯುವ ಬೆಂಕಿಯ ಕಿಡಿಯಂತೆ ತೋರಬಲ್ಲದು. ಸೂರ್ಯ ಮುಳುಗಿದರೆ ಹೊಳಪು ಹೋಗುತ್ತದೆ, ಬಂಡೆಯ ಕಾವು ಹೋಗುವುದಿಲ್ಲ. ಒಣಮಣ್ಣು ಬೇಗ ತಣಿಯುವುದರಿಂದ ಬಂಡೆ ರಾತ್ರಿಯೂ ಎದ್ದು ಕಾಣುತ್ತದೆ.

ಪರಿಹಾರ ಎರಡು ಪಟ್ಟಿಗಳ ಹೋಲಿಕೆಯಲ್ಲಿದೆ. ಬಿಸಿ ಅನಿಲ ಆಯ್ದ ಅಲೆಯುದ್ದಗಳಲ್ಲಿ ಮಾತ್ರ ಬೆಳಗುತ್ತದೆ, ಬಂಡೆ ಎಲ್ಲದರಲ್ಲೂ ಹರಡಿ ಬೆಳಗುತ್ತದೆ. ಹತ್ತಿರದ ಎರಡು ಪಟ್ಟಿಗಳ ಅನುಪಾತ ಇವನ್ನು ಬೇರ್ಪಡಿಸುತ್ತದೆ. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ಪ್ರಯೋಗಾಲಯ ಡೇರ್, ಸುಖೋಯ್-30ಕ್ಕಾಗಿ ಕೈಗೆತ್ತಿಕೊಂಡ ಕ್ಷಿಪಣಿ ಎಚ್ಚರಿಕೆ ವ್ಯವಸ್ಥೆ ಇಂಥದೇ ಎರಡು ಪಟ್ಟಿಗಳದು. ಆದರೂ ಅನುಪಾತದ ಮಿತಿಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಸೂತ್ರ ಹೇಳದು, ನೆಲವೇ ಹೇಳಬೇಕು. ಮರುಭೂಮಿಯಲ್ಲಿ ಎಳೆದ ಗೆರೆ ನಮ್ಮ ಕಲ್ಲು, ಕುರುಚಲು, ಕೆರೆ ಬೆರೆತ ನೆಲಕ್ಕೆ ಒಗ್ಗುತ್ತದೆಂದು ನಂಬಲು ಕಾರಣವಿಲ್ಲ.

ಭಾರತದ ಮುಂದಿನ ಯುದ್ಧವಿಮಾನ ಎಎಂಸಿಎಯ ವಿನ್ಯಾಸವೂ ಬೆಂಗಳೂರಿನಲ್ಲೇ ನಡೆದಿದೆ. ಸಾವನದುರ್ಗ, ರಾಮದೇವರ ಬೆಟ್ಟ, ಕಬ್ಬಾಳದುರ್ಗ, ಕಣ್ವಗಳ ಅವಕೆಂಪು ಪ್ರಖರತೆಯನ್ನು ಬೇಸಿಗೆ, ಮಳೆ, ಚಳಿ ಮೂರೂ ಕಾಲಗಳಲ್ಲಿ, ಹಗಲು ರಾತ್ರಿ ಅಳೆದು ದಾಖಲಿಸುವ ಕೆಲಸಕ್ಕೆ ವಿಮಾನ ಸಿದ್ಧವಾಗುವವರೆಗೆ ಕಾಯಬೇಕಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ಮತ್ತು ಭೂವಿಜ್ಞಾನ ವಿಭಾಗಗಳು ಇದನ್ನು ಒಟ್ಟಾಗಿ ಈಗಲೇ ಕೈಗೊಳ್ಳಬೇಕು.