ಸ್ಪಾನ್ಸರ್

ನಾಮಪದ. ‘ವಾಗ್ದಾನ ಮಾಡು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಸ್ಪೊಂಡೇರೆ’ಯಿಂದ ಬಂದದ್ದು. ರೋಮನ್ ಕಾನೂನಿನಲ್ಲಿ ಸ್ಪಾನ್ಸರ್ ಎಂದರೆ ಇನ್ನೊಬ್ಬರ ಸಾಲಕ್ಕೆ ಹೊಣೆ ನಿಂತವನು. ಕನ್ನಡದಲ್ಲಿ ಇದು ಹೆಚ್ಚಾಗಿ ಕಾರ್ಯಕ್ರಮದ ಖರ್ಚು ಕೊಡುವ ಪ್ರಾಯೋಜಕ ಎಂಬರ್ಥದಲ್ಲಿ ಬಳಕೆಯಲ್ಲಿದೆ. ಅಮೆರಿಕದ ವಲಸೆ ಕಾನೂನಿನಲ್ಲಿ ಹಳೆಯ ಅರ್ಥವೇ ಗಟ್ಟಿಯಾಗಿ ಉಳಿದಿದೆ: ಜಾಮೀನುದಾರ.

ಅಲ್ಲಿನ ಪೌರತ್ವ ಪಡೆದ ಮಗಳು ತಾಯಿಯನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳಬೇಕಾದರೆ ಐ-864 ನಮೂನೆಗೆ ಸಹಿ ಹಾಕಬೇಕು. ಮಗಳು, ಅಳಿಯ, ಒಂದು ಮಗು, ಬರಲಿರುವ ತಾಯಿ ಸೇರಿ ನಾಲ್ವರ ಸಂಸಾರವೆಂದು ಎಣಿಕೆ. ಅಷ್ಟು ಜನರಿಗೆ ಸರ್ಕಾರ ಗೊತ್ತುಮಾಡಿದ ಬಡತನ ರೇಖೆಯ ಶೇ 125ರಷ್ಟಾದರೂ ವಾರ್ಷಿಕ ಆದಾಯ ತೋರಿಸಬೇಕು. ಸಾಲದಿದ್ದರೆ ಆಸ್ತಿ ತೋರಿಸಬಹುದು, ಇಲ್ಲವೇ ಜಂಟಿ ಸ್ಪಾನ್ಸರ್ ಒಬ್ಬರನ್ನು ಒಪ್ಪಿಸಬಹುದು.

ಸ್ನೇಹಕ್ಕೆ ಕಟ್ಟುಬಿದ್ದು ಸಹಿ ಹಾಕುವವರು ಇಷ್ಟು ತಿಳಿದಿರಲೇಬೇಕು: ಬಂದವರು ಪೌರರಾಗುವವರೆಗೆ, ಅಥವಾ ಸುಮಾರು 10 ವರ್ಷಗಳ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ ಸಾಮಾನ್ಯವಾಗಿ ಈ ಹೊಣೆ ತೀರುವುದಿಲ್ಲ. ಸಂಗಾತಿಗಾಗಿ ಸಹಿ ಹಾಕಿದ್ದರೆ ವಿಚ್ಛೇದನವಾದರೂ ಅದು ಕಳಚುವುದಿಲ್ಲ.

ಪ್ರಯೋಗ: ‘ಅಮ್ಮನಿಗೆ ಅಕ್ಕನೇ ಸ್ಪಾನ್ಸರ್, ಭಾವನ ಸಂಬಳವನ್ನೂ ಸೇರಿಸಿ ತೋರಿಸಿದ್ದಾರೆ.’

ಸಮಾನಪದ: ಹೊಣೆಗಾರ, ಜಾಮೀನುದಾರ.